ಹಲ್ಲಿಗೆ ಬೇರೆ ವೃತ್ತ

ಈಗ ಹೇಳಿದರೆ ಏನು ಬಂತು? ಹೇಳದಿದ್ದರೆ ಮಾತ್ರ ಏನು ಉಳಿಯಿತು? ಇಂದ್ರಾಣಿ ಶಾಲೆ ಬಿಟ್ಟು ಹೋಗುವ ದಿನ ತನ್ನ ಭಾರವನ್ನೆಲ್ಲ ಅವಳ ಮಡಿಲಿಗೆ ಹಾಕಿ ಕಳಿಸುವುದು ಪ್ರೀತಿಯೋ, ಸ್ವಾರ್ಥವೋ? ಕಾಂತರಾಜ್ ಬೆಳಗಿನಿಂದ ಇದನ್ನೇ ತೂಗುತ್ತಿದ್ದ. ಅವನ ಕೈ ಮಾತ್ರ ತನ್ನ ಪಾಡಿಗೆ ಸೀಮೆಸುಣ್ಣ ಹಿಡಿದು ತರಗತಿಯ ನೆಲದ ಮೇಲೆ ಎರಡು ದೊಡ್ಡ ವೃತ್ತ ಎಳೆದಿತ್ತು. ಒಂದು ಮನೆ, ಒಂದು ಕಾಡು.

ಊರಿಗಾಂನ ಆ ಪುಟ್ಟ ಶಾಲೆಯಲ್ಲಿ ಅವನೂ ಇಂದ್ರಾಣಿಯೂ ಅತಿಥಿ ಶಿಕ್ಷಕರು. ಚಿಕ್ಕ ಮಕ್ಕಳ ತರಗತಿಯನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. ಪ್ರಾಣಿಗಳ ಚಿತ್ರ ಬರೆಯುವುದು ಅವಳ ಕೆಲಸ, ರಟ್ಟಿಗೆ ಅಂಟಿಸಿ ಕತ್ತರಿಸುವುದು ಅವನದು. ಮಕ್ಕಳು ಒಂದೊಂದೇ ಚಿತ್ರ ಎತ್ತಿ ಸರಿಯಾದ ವೃತ್ತದಲ್ಲಿ ಇಡಬೇಕು.

ಎಮ್ಮೆ ಮನೆಗೆ ಹೋಯಿತು, ಚಿರತೆ ಕಾಡಿಗೆ. ಆನೆಯ ವಿಷಯಕ್ಕೆ ಜಗಳವೇ ಆಯಿತು. ದೇವಸ್ಥಾನದಲ್ಲಿ ಆನೆ ಕಂಡವರು ಮನೆ ಎಂದರು. ಕಾಮಸಮುದ್ರದ ಕಡೆ ಅಜ್ಜಿಮನೆ ಇದ್ದವರು, ರಾಗಿ ಹೊಲ ತುಳಿಯುವುದು ಕಾಡಿನದೇ ಎಂದು ಹಟ ಹಿಡಿದರು.

ರೂಪಳ ಕೈಗೆ ಹಲ್ಲಿ ಬಂದಿತ್ತು. ಎರಡು ವೃತ್ತಗಳ ನಡುವೆ ನಿಂತು ಅವಳು ತುಟಿ ಕಚ್ಚಿದಳು.

"ಮಿಸ್, ಇದು ನಮ್ಮನೇಲೇ ಇರ್ತದೆ. ಆದ್ರೆ ನಾವು ಸಾಕಿಲ್ಲ."

ಇಂದ್ರಾಣಿ ಓರೆಗಣ್ಣಿನಲ್ಲಿ ಕಾಂತರಾಜನನ್ನು ನೋಡಿದಳು. ಆ ನೋಟ ಕಂಡು ಬಹಳ ದಿನಗಳಾಗಿದ್ದವು.

"ಸಾರ್‌ನ ಕೇಳು. ಅವ್ರೂ ಅಂಗೇ, ಗೋಡೆಗೆ ಅಂಟ್ಕೊಂಡು ಎಲ್ಲಾ ನೋಡ್ತಾರೆ. ಹಲ್ಲಿ ನಿಜ ಕೇಳ್ದಾಗ ಲೊಚ್ ಅಂತಾದ್ರೂ ಅಂತದೆ."

ಮಕ್ಕಳು ನಕ್ಕರು. ಅವನು ಬಾಗಿ, ಆಗಲೇ ಎಳೆದಿದ್ದ ಗೆರೆಯನ್ನೇ ಮತ್ತೊಮ್ಮೆ ತಿದ್ದಿದ.

ಆಗ ದೀಪಾವಳಿ ಕಳೆದ ಹೊಸತು. ಸಂಜೆಯ ರೈಲಿನಲ್ಲಿ ಬಂಗಾರಪೇಟೆಗೆ ಮರಳುವಾಗ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ್ದಳು, "ನಾಳೆ ನಮ್ಮಮ್ಮ ಬತ್ತಾಳೆ. ನಿಮ್ಮನ್ನ ನೋಡ್ಬೇಕಂತೆ. ನೀವು ಏನಂತ ಕರೀತೀರೋ, ಅದರ ಮೇಲೆ ಐತೆ ಎಲ್ಲಾ."

ಇಬ್ಬರದೂ ಒಂದೇ ಕಡೆಯ ಜನ. ಅವರಲ್ಲಿ ಕರೆದ ಮಾತೇ ಸಂಬಂಧ. ಹೆಣ್ಣಿನ ತಾಯಿಯನ್ನು 'ಅತ್ತೆ' ಎಂದರೆ ಮಗಳನ್ನು ಕೇಳುವ ಮನಸ್ಸಿದೆ ಎಂದು ಅರ್ಥ. 'ದೊಡ್ಡಮ್ಮ' ಎಂದರೆ ಆ ಮಗಳು ತಂಗಿಯಾದಳು, ಮುಂದೆ ಮಾತಿಲ್ಲ.

ಮರುದಿನ ಅವಳ ತಾಯಿ ವರಲಕ್ಷ್ಮಮ್ಮ ಹಸು ಕರು ಹಾಕಿದ ನೆಪದಲ್ಲಿ ಗಿಣ್ಣು ತಂದರು. ಸ್ಟಾಫ್ ರೂಮಿನಲ್ಲಿ ಎಲ್ಲರ ತಟ್ಟೆಗೂ ಬಡಿಸಿ, ಅವನ ಊರು, ಮನೆತನ ವಿಚಾರಿಸಿದರು. ಕೊನೆಗೆ ಮೆಲ್ಲಗೆ, "ಮತ್ತೆ ನನ್ನ ಏನಂತ ಕರೀತೀಯಪ್ಪಾ?" ಎಂದರು.

ಚಮಚಗಳ ಸದ್ದು ನಿಂತಿತು. ಮುಖ್ಯೋಪಾಧ್ಯಾಯರು ಕನ್ನಡಕದ ಮೇಲಿಂದ ನೋಡಿದರು. ಇಷ್ಟು ಜನರ ಮುಂದೆ ಹೆಣ್ಣು ಕೇಳಿದಂತಾಗುತ್ತದಲ್ಲ ಎಂದು ಅವನ ಕಿವಿ ಬಿಸಿಯಾಯಿತು. ಬಾಗಿಲ ಬಳಿ ಇಂದ್ರಾಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ನೀವು ಕೂತ್ಕೊಳ್ಳಿ, ದೊಡ್ಡಮ್ಮ."

ಸುತ್ತುತ್ತಿದ್ದ ಬೆರಳು ನಿಂತಿತು.

"ಅಂಗೇ ಆಗ್ಲಿ, ಮಗ," ಎಂದು ವರಲಕ್ಷ್ಮಮ್ಮ ಅವನ ತಟ್ಟೆಗೆ ಇನ್ನೊಂದು ತುಂಡು ಗಿಣ್ಣು ಹಾಕಿದರು. ಸಂಕ್ರಾಂತಿಯ ಹೊತ್ತಿಗೆ ಅವರು ಕಾಮಸಮುದ್ರದ ನರೇಶನ ಮನೆಯವರಿಗೆ ಮಗಳನ್ನು ಕೊಡುವ ಮಾತು ಕೊಟ್ಟಾಗಿತ್ತು. ಅಷ್ಟರಲ್ಲಿ ಇಂದ್ರಾಣಿ ರೈಲಿನಲ್ಲಿ ಹೆಂಗಸರ ಬೋಗಿಯಲ್ಲಿ ಕೂರತೊಡಗಿದ್ದಳು.

ರೂಪ ಇನ್ನೂ ಹಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಇಂದ್ರಾಣಿ ಸೀಮೆಸುಣ್ಣ ಇಸಿದುಕೊಂಡು ಗೋಡೆಯ ಬದಿಗೆ ಪುಟ್ಟದೊಂದು ವೃತ್ತ ಎಳೆದಳು. ಜೊತೆಗಿದ್ದರೂ ಯಾರೂ ಸಾಕದ ಪ್ರಾಣಿಗಳಿಗೆ ಇದು ಎಂದಳು. ಹಲ್ಲಿ ಅದರೊಳಗೆ ಒಂಟಿಯಾಗಿ ಕೂತಿತು. ಆಮೇಲೆ ಯಾರೋ ಗುಬ್ಬಿಯನ್ನೂ ತಂದಿಟ್ಟರು.

ಊಟದ ಗಂಟೆ ಹೊಡೆದು ಮಕ್ಕಳು ತಟ್ಟೆ ಹಿಡಿದು ಓಡಿದರು. ಇಬ್ಬರೂ ನೆಲದ ಮೇಲೆ ಕೂತು ಚಿತ್ರಗಳನ್ನು ಆಯತೊಡಗಿದರು. ಆನೆಯ ಚಿತ್ರಕ್ಕೆ ಇಬ್ಬರ ಕೈಯೂ ಒಟ್ಟಿಗೆ ಹೋಯಿತು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಅವತ್ತು ನಮ್ಮಮ್ಮನ್ನ ಅಂಗೆ ಕರೆದಿದ್ದು, ನಾನು ಬೇಡಾ ಅಂತಾನೇ ಅಲ್ವಾ?"

ಅವನು ಆನೆಯ ಮಡಿಚಿಹೋಗಿದ್ದ ಕಿವಿಯನ್ನು ಹೆಬ್ಬೆರಳಿನಿಂದ ನೆಟ್ಟಗೆ ಮಾಡಿದ.

"ಹೂಂ ಅಂದ್ಬಿಡಿ. ಓಗೋಕೆ ನಂಗೂ ಸುಲಭ ಆಗ್ತದೆ."

ಅಡುಗೆಮನೆಯಿಂದ ಸಾಂಬಾರಿನ ವಾಸನೆ ಬರುತ್ತಿತ್ತು. ಅವಳ ಕಣ್ಣಂಚಿನಲ್ಲಿ ನೀರು ತುಂಬಿತ್ತು, ಇನ್ನೂ ಇಳಿದಿರಲಿಲ್ಲ. ಅದು ಇಳಿಯಬಾರದು ಎಂಬುದೊಂದೇ ಆಗ ಅವನಿಗೆ ತೋಚಿದ್ದು.

"ಹೂಂ," ಎಂದ.

ಅವಳು ತಲೆಯೆತ್ತಿ, ಹಲ್ಲಿಗಳು ಓಡಾಡುವ ಜಂತೆಯ ಕಡೆ ತುಸು ಹೊತ್ತು ನೋಡಿದಳು. ಲೊಚ್ ಎಂಬ ಸದ್ದು ಬರಲಿಲ್ಲ. ಸಣ್ಣಗೆ ನಕ್ಕು, ಸೀಮೆಸುಣ್ಣದ ಚೂರನ್ನು ಅವನ ಅಂಗೈಯಲ್ಲಿಟ್ಟು ಎದ್ದು ಹೋದಳು.

ಗಿಣ್ಣು ಬಂದ ಆ ಬೆಳಿಗ್ಗೆ, ಬಂಗಾರಪೇಟೆಯಿಂದ ಊರಿಗಾಂವರೆಗೂ ರೈಲಿನ ಬಾಗಿಲಲ್ಲಿ ನಿಂತು 'ಅತ್ತೆ, ಅತ್ತೆ' ಎಂದು ಹೇಳಿಕೊಂಡೇ ಬಂದಿದ್ದೆ ಎಂಬುದನ್ನು ಅವನು ಅವಳಿಗೆ ಹೇಳಲೇ ಇಲ್ಲ.