ಕಡ್ಡಿ ಕಿತ್ತ ಟೇಪು

"ಟೇಪ್ ಎಲ್ಲಿ? ನೆಲದ ಮೇಲಿದ್ದ ಟೇಪೆಲ್ಲ ಎಲ್ಲಿ ಹೋಯ್ತು?"

ಲೈಟ್ ನೋಡಿಕೊಳ್ಳುವ ಹತ್ತನೇ ಕ್ಲಾಸಿನ ಹುಡುಗಿ ಸ್ಟೇಜಿನ ನಡುವೆ ನಿಂತು ಕೂಗಿದಳು. ಪೊರಕೆ ಹಿಡಿದುಕೊಂಡು ಕಡ್ಡಿ ಪಕ್ಕದಲ್ಲೇ ಇದ್ದಳು. ಎಂಟನೇ ಕ್ಲಾಸಿನ ಈ ಹುಡುಗಿಗೆ ಕಡ್ಡಿ ಎಂದು ಹೆಸರಿಟ್ಟಿದ್ದು ಅವಳ ಅಕ್ಕ. ಈಗಂತೂ ಇಡೀ ಶಾಲೆಯೇ ಹಾಗೆ ಕರೆಯುತ್ತದೆ.

ನಾಟಕಕ್ಕೆ ಇನ್ನು ಒಂದೂವರೆ ಗಂಟೆಯಷ್ಟೇ ಇತ್ತು. ಒಂದು ವಾರದಿಂದ ಮೇಕಪ್ ರೂಮಿನಲ್ಲಿ ಕೂತು ಬಟ್ಟೆಗಳಿಗೆ ಗುಂಡಿ ಹೊಲಿಯುತ್ತಿದ್ದ ಕಡ್ಡಿಗೆ ಸ್ಟೇಜ್ ಮೇಲೆ ಕೆಲಸ ಸಿಕ್ಕಿದ್ದು ಇವತ್ತೇ. ಖುಷಿ ತಡೆಯಲಾರದೆ ಮೂಲೆ ಮೂಲೆ ಗುಡಿಸಿದ್ದಳು. ನೆಲಕ್ಕೆ ಅಂಟಿದ್ದ ಮಾಸಲು ಟೇಪಿನ ಚೂರುಗಳನ್ನು ಉಗುರು ನೋಯುವಷ್ಟು ಕೆರೆದು ಕಿತ್ತಿದ್ದಳು. ಒಂದನ್ನೂ ಬಿಟ್ಟಿರಲಿಲ್ಲ.

"ಅಟೆಂಡರ್ ಅಣ್ಣಂದೇ ಕೆಲಸ. ಬೆಳಿಗ್ಗೆ ನೆಲ ಒರೆಸ್ತಿದ್ರು," ಎಂದ ಪರದೆ ಎಳೆಯುವ ಹುಡುಗ.

ಕಡ್ಡಿ ತನ್ನ ಉಗುರು ನೋಡಿಕೊಂಡಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಪಾಪ, ಆ ಅಣ್ಣ ಏನು ಮಾಡಿದ್ದಾರೆ?

"ನಾನೇ ಕಿತ್ತಿದ್ದು," ಎಂದಳು. "ಕಸ ಅಂದ್ಕೊಂಡೆ."

ಅಷ್ಟರಲ್ಲಿ ಗಲಾಟೆ ಕೇಳಿ ಅಕ್ಕ ಓಡಿ ಬಂದಳು. ಅವಳದು ನಾಟಕದಲ್ಲಿ ಅಜ್ಜಿಯ ಪಾತ್ರ. ಅರ್ಧ ತಲೆಗೆ ಮಾತ್ರ ಬಿಳಿ ಪೌಡರ್ ಬಿದ್ದಿತ್ತು.

"ಏನೇ ಮಾಡ್ದೆ ನೀನು! ಕೊನೆ ಸೀನಲ್ಲಿ ಲೈಟೆಲ್ಲ ಆಫ್ ಆಗುತ್ತೆ. ಕತ್ತಲಲ್ಲಿ ನಾನೊಬ್ಳೇ ನಡ್ಕೊಂಡು ಬಂದು ಕುರ್ಚಿ ಮೇಲೆ ಕೂರ್ಬೇಕು. ಆ ಟೇಪ್ ಕತ್ತಲಲ್ಲಿ ಹೊಳೆಯುತ್ತೆ ಕಣೇ. ಅದನ್ನ ನೋಡ್ಕೊಂಡೇ ನಾನು ಹೆಜ್ಜೆ ಇಡೋದು!"

ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಮನೆಯಲ್ಲಿ ಯಾವುದಕ್ಕೂ ಹೆದರದ ಅಕ್ಕ! ಕಡ್ಡಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ನಾಟಕದ ಮೇಡಂ ಬೈಯಲಿಲ್ಲ. ಅಕ್ಕನನ್ನು ಮೇಕಪ್ಪಿಗೆ ಕಳಿಸಿ, ಟೇಪಿನ ಹೊಸ ಸುರುಳಿಯನ್ನು ಕಡ್ಡಿಯ ಕೈಗೆ ಕೊಟ್ಟರು. "ಕಿತ್ತವಳೇ ಅಂಟಿಸು. ಮೊದಲು ಕುರ್ಚಿ."

"ಎಲ್ಲಿತ್ತು ಅಂತ ಗೊತ್ತಿಲ್ಲ ಮೇಡಂ."

"ಲೈಟಿಗೆ ಗೊತ್ತು. ಅದೇನು ಜಾಗ ಬಿಟ್ಟು ಕದಲಿಲ್ವಲ್ಲ! ಕುರ್ಚಿ ಮೇಲೆ ಕೂತು ಕಣ್ಮುಚ್ಕೋ. ಮುಖಕ್ಕೆ ಎಲ್ಲಿ ಬಿಸಿ ಚೆನ್ನಾಗಿ ತಾಗುತ್ತೋ, ಅದೇ ಜಾಗ."

ಲೈಟ್ ಬಂತು. ಕಡ್ಡಿ ಕಣ್ಣು ಮುಚ್ಚಿ, ಕುರ್ಚಿಯನ್ನು ಇಷ್ಟಿಷ್ಟೇ ಹಿಂದಕ್ಕೆ ಸರಿಸಿದಳು. ಕೆನ್ನೆಗೆ ಬಿಸಿ ತಾಗಿತು. "ಇಲ್ಲಿ!"

"ಅಲ್ಲಲ್ಲ, ಕುಳ್ಳಿ!" ಲೈಟಿನ ಹುಡುಗಿ ನಕ್ಕಳು. "ನಿನ್ನ ಅಳತೆಗೆ ಹಾಕಿದ್ರೆ ಅಕ್ಕನ ಕುತ್ತಿಗೆಗೆ ಲೈಟ್ ಬೀಳುತ್ತೆ." ಅವಳು ಎರಡು ದಪ್ಪ ಡಿಕ್ಷನರಿ ತಂದು ಕಡ್ಡಿಯನ್ನು ಅದರ ಮೇಲೆ ಕೂರಿಸಿದಳು. ಕುರ್ಚಿ ಮತ್ತೆ ಒಂದು ಗೇಣು ಮುಂದೆ ಬಂತು.

ಆಮೇಲೆ ಅಕ್ಕ ಬಂದಳು. ಈಗ ಪೂರ್ತಿ ಅಜ್ಜಿ. ಕಡ್ಡಿಯ ಕಡೆ ತಿರುಗಿಯೂ ನೋಡಲಿಲ್ಲ. ಸೈಡಿನ ಪರದೆಯ ಹಿಂದಿನಿಂದ ಕುರ್ಚಿಯವರೆಗೆ ಅಜ್ಜಿಯಂತೆ ನಿಧಾನಕ್ಕೆ ನಡೆದಳು. ಕಡ್ಡಿ ಅಂಬೆಗಾಲಲ್ಲಿ ಹಿಂದೆಯೇ ಹೋಗಿ ಅವಳ ಹೆಜ್ಜೆ ಬಿದ್ದಲ್ಲೆಲ್ಲ ಟೇಪು ಅಂಟಿಸಿದಳು. ಒಟ್ಟು ಒಂಬತ್ತು ಚೂರು.

"ಈ ಟೇಪು ಮೊದಲು ಬೆಳಕು ಕುಡೀಬೇಕು. ಆಮೇಲೇ ಹೊಳೆಯೋದು," ಎಂದಳು ಲೈಟಿನ ಹುಡುಗಿ.

ನಾಟಕ ಶುರುವಾಯಿತು. ಕಡ್ಡಿ ಪರದೆಯ ಸಂದಿಯಲ್ಲಿ ಒಳ್ಳೆಯ ಜಾಗ ಹಿಡಿದು ನಿಂತಳು. ಅಕ್ಕನ ಕೊನೆಯ ಸೀನನ್ನು ಹತ್ತಿರದಿಂದ ನೋಡಬೇಕೆಂದೇ ಅವಳು ಬ್ಯಾಕ್‌ಸ್ಟೇಜಿಗೆ ಸೇರಿದ್ದು.

ಆಗ ಅವಳಿಗೆ ಹೊಳೆಯಿತು. ಮೊದಲನೇ ಚೂರು ಇರುವುದು ಸೈಡಿನ ಪರದೆಯ ಹಿಂದೆ. ಅಲ್ಲಿಗೆ ಬೆಳಕೇ ಬೀಳುವುದಿಲ್ಲ! ಅಕ್ಕ ಮೊದಲ ಹೆಜ್ಜೆಯನ್ನು ಎಲ್ಲಿಡುತ್ತಾಳೆ?

ಅವಳು ಟಾರ್ಚ್ ತೆಗೆದುಕೊಂಡು ಓಡಿದಳು. ಆ ಚೂರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆಳಕು ಹೊರಗೆ ಕಾಣದಂತೆ ಸ್ಕರ್ಟನ್ನು ಸುತ್ತ ಹರಡಿ, ಟೇಪಿಗೆ ಟಾರ್ಚ್ ಹಿಡಿದಳು. ಆಚೆ ಜನ ಗೊಳ್ಳೆಂದು ನಕ್ಕರು. ಏನು ತಮಾಷೆಯೋ! ಕಾಲು ಜೋಮು ಹಿಡಿಯಿತು. ಅವಳು ಅಲ್ಲಾಡಲಿಲ್ಲ.

ಲೈಟೆಲ್ಲ ಆರಿತು. ಕಡ್ಡಿಯೂ ಟಾರ್ಚ್ ಆರಿಸಿ ಹಿಂದೆ ಸರಿದಳು. ಟೇಪು ಹಸಿರಾಗಿ ಹೊಳೆಯುತ್ತಿತ್ತು. ಅಕ್ಕನ ಬರಿಗಾಲು ಅದರ ಮೇಲೆ ಬಂದು ಒಂದು ಕ್ಷಣ ನಿಂತಿತು, ಮುಂದೆ ಹೋಯಿತು. ಕಡ್ಡಿ ಹೆಜ್ಜೆ ಎಣಿಸಿದಳು. ಏಳು, ಎಂಟು, ಒಂಬತ್ತು. ಕುರ್ಚಿ ಕಿರ್ರೆಂದಿತು.

ಬೆಳಕು ಬಂತು.

ಕಡ್ಡಿ ಕೂತಲ್ಲಿಂದ ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು. ಅದರಾಚೆ ಮುಂದಿನ ಸಾಲಿನಲ್ಲಿ ಅಮ್ಮ ಕೂತಿದ್ದಳು. ಅಮ್ಮ ರೆಪ್ಪೆ ಮಿಟುಕಿಸದೆ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳ ಕಣ್ಣು ಒದ್ದೆಯಾಯಿತು.

ಅಮ್ಮನಿಗೆ ಅಕ್ಕನ ಮುಖ ಚೆನ್ನಾಗಿ ಕಾಣುತ್ತಿದೆ, ಅಂದುಕೊಂಡಳು ಕಡ್ಡಿ. ಪರದೆಯ ಸಂದಿಯಲ್ಲಿ ಅವಳು ಹಿಡಿದಿದ್ದ ಜಾಗ ಇನ್ನೂ ಖಾಲಿಯೇ ಇತ್ತು. ಎದ್ದು ಹೋಗಬೇಕು ಅನ್ನಿಸಲಿಲ್ಲ.