ಹತ್ತು ನಿಮಿಷದ ಸ್ವಿಚ್

ಬಸವಕಲ್ಯಾಣದ ಠಾಣೆಗೆ ದೂರು ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ದೂರುದಾರರು ಲಾರಿ ಮಾಲೀಕ ಮಹಾರುದ್ರಪ್ಪ. ತೊಗರಿಬೇಳೆ ಹೇರಿ ಆಟೋ ನಗರದಲ್ಲಿ ನಿಲ್ಲಿಸಿದ್ದ ಲಾರಿ ಕಾಣೆ. ಬೆಳಿಗ್ಗೆ ಎಂಟಕ್ಕೆ ಅದನ್ನು ಹೈದರಾಬಾದಿಗೆ ಒಯ್ಯಬೇಕಿದ್ದ ಚಾಲಕ ಮಚ್ಚೇಂದ್ರನೂ ಕಾಣೆ. ಅವನ ಫೋನು ಬಂದ್.

"ಗಾಡಿಗೆ ಜಿಪಿಎಸ್ ಇಲ್ಲೇನ್ರಿ?" ಪಿಎಸ್‌ಐ ಅನುರಾಧಾ ಕೇಳಿದರು.

"ಅದರಿ. ಅದೇ ನನ್ನ ತಲಿ ಕೆಡಿಸ್ಯದ." ಮಹಾರುದ್ರಪ್ಪ ಫೋನು ಮುಂದೆ ಹಿಡಿದರು. "ಗಾಡಿ ಆಟೋ ನಗರದಾಗೇ ನಿಂತದ ಅಂತ ತೋರಸಾಕತ್ತದ. ನಾ ಅಲ್ಲೇ ಹೋಗಿ ನೋಡಿ ಬಂದೀನಿ. ಗಾಡಿ ಜಾಗದಾಗ ನಾಯಿ ಮಲಗ್ಯದ!"

ಎಫ್‌ಐಆರ್ ದಾಖಲಾಯಿತು. ಅಷ್ಟರಲ್ಲಿ ಮಚ್ಚೇಂದ್ರನ ಹೆಂಡತಿ ಕಮಳಾಬಾಯಿ ಓಡೋಡಿ ಬಂದಳು.

"ಅವ ಕಳ್ಳ ಅಲ್ರಿ ಮೇಡಮ್ಮಾರ. ಯಾರೋ ಅವನ್ನ ಹೊಡದು ಒಗದು ಗಾಡಿ ಒಯ್ದಾರ."

"ಬಂಧು ಬಳಗದಾಗ ಕೇಳೀಯೇನಮ್ಮ?"

"ಕೇಳೀನ್ರಿ. ಕೊಡಂಬಲದಾಗ ನಮ್ಮ ನಾದಿನಿ ಸುಮನಬಾಯಿ ಅದಾಳ. ನಮ್ಮ ಮಾವ ಆಕಿ ಮನ್ಯಾಗ ಹಾಸಿಗಿ ಹಿಡದಾನ. ಅಲ್ಲೂ ಬಂದಿಲ್ಲಂತ." ಅವಳು ಅನುರಾಧಾ ಅವರ ಕೈ ಹಿಡಿದುಕೊಂಡಳು. "ಗಾಡಿ ಸಿಗಲಿ ಬಿಡಲಿ, ಅವನ್ನ ಜೀವಂತ ತರ್ರಿ."

"ತರ್ತೀನಿ" ಅಂದುಬಿಟ್ಟರು ಅನುರಾಧಾ. ಹೋದ ವರ್ಷ ಇಂಥದೇ ಪ್ರಕರಣದಲ್ಲಿ ಚಾಲಕ ಸಿಕ್ಕಿದ್ದು ಸೇತುವೆಯ ಕೆಳಗೆ, ಹೆಣವಾಗಿ. ಮಾತು ಕೊಡುವ ಮುಂಚೆ ನಾಲಿಗೆ ಕಚ್ಚಿಕೊಳ್ಳಬಾರದಿತ್ತೇ?

ಆಟೋ ನಗರದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಒಡೆದ ಗಾಜಿಲ್ಲ, ರಕ್ತವಿಲ್ಲ, ಜಗಳದ ಗುರುತಿಲ್ಲ. ಜಿಪಿಎಸ್ ಕೂಡಿಸಿದ್ದ ಎಲೆಕ್ಟ್ರಿಷಿಯನ್ ಶಂಕರಲಿಂಗನ ಅಂಗಡಿ ಎದುರಿಗೇ ಇತ್ತು.

"ಗಾಡಿ ಇಲ್ಲಿಲ್ಲ, ಫೋನಿನ್ಯಾಗ ಜಿಪಿಎಸ್ ಚುಕ್ಕಿ ಇಲ್ಲೇ ಅದ. ಹ್ಯಾಂಗ?" ಅನುರಾಧಾ ಕೇಳಿದರು.

ಶಂಕರಲಿಂಗ ತಲೆ ಕೆರೆದುಕೊಂಡ. "ಅದರ ಕರೆಂಟ್ ನಾ ಡಿಲೇ ಸ್ವಿಚ್ ಮ್ಯಾಲಿಂದ ಕೊಟ್ಟೀನ್ರಿ. ಡೀಸೆಲ್ ಗಾಡಿ ಸೆಲ್ಫ್ ಹೊಡದಾಗ ಬ್ಯಾಟರಿ ಜಗ್ಗತದ, ಮ್ಯಾಲಿಂದ ಹಾಕಿದ ಜಿಪಿಎಸ್ ಡಬ್ಬಿ ಸುಡ್ತಾವ. ಎರಡು ಸುಟ್ಟಿದ್ವು. ಅದಕ್ಕ ಚಾವಿ ತಿರುವಿ ಹತ್ತು ನಿಮಿಷ ಆದಮ್ಯಾಲ ಡಬ್ಬಿಗೆ ಕರೆಂಟ್ ಸಿಗೂಹಂಗ ಕಟ್ಟೀನಿ. ಗಾಡಿ ಬಂದ್ ಮಾಡಿದ್ರ ಡಬ್ಬಿನೂ ಬಂದ್. ಅದರೊಳಗಿನ ಸೆಲ್ ಸತ್ತು ಭಾಳ ದಿನ ಆತು."

"ಅಂದ್ರ ಹತ್ತು ನಿಮಿಷ ಆಗೂದ್ರಾಗ ಬಂದ್ ಮಾಡಿ ಮತ್ತ ಚಾಲು ಮಾಡಿದ್ರ?"

ಶಂಕರಲಿಂಗನ ಬಾಯಿ ತೆರೆದೇ ಉಳಿಯಿತು. "ಮತ್ತ ಹೊಸದಾಗಿ ಹತ್ತು ನಿಮಿಷ ಎಣಸ್ತದ್ರಿ. ಚುಕ್ಕಿ ಹಳೀ ಜಾಗದಾಗೇ ಉಳಿತದ."

"ಇದು ಯಾರಿಗೆ ಗೊತ್ತು?"

"ನನಗ, ಗಾಡಿ ಮಾಲೀಕ ಶೇಟಜೀಗೆ. ಮತ್ತ..." ಅವನು ನೆಲ ನೋಡಿದ. "ವೈರಿಂಗ್ ಮಾಡೂಮುಂದ ಮಚ್ಚೇಂದ್ರ ಬಾಜೂಕೇ ಕುಂತು ಟಾರ್ಚ್ ಹಿಡದಿದ್ನ್ರಿ."

ಶಂಕರಲಿಂಗನನ್ನೂ ಜೀಪಿಗೆ ಹತ್ತಿಸಿಕೊಂಡರು. ಹೆಡ್ ಕಾನ್‌ಸ್ಟೇಬಲ್ ಖಮರುದ್ದೀನ್ ಜೀಪು ಓಡಿಸುತ್ತ ಹುಮನಾಬಾದ್ ದಾರಿ ಹಿಡಿದರು. ಹೆದ್ದಾರಿ ಬದಿಯ ಚಹಾದ ಹೋಟೆಲುಗಳಲ್ಲೆಲ್ಲ ಅನುರಾಧಾ ಒಂದೇ ಪ್ರಶ್ನೆ ಕೇಳಿದರು: ನಸುಕಿನಲ್ಲಿ ನಿಂತು ಬಂದಾಗಿ, ಯಾರೂ ಇಳಿಯದೇ ಮತ್ತೆ ಹೊರಟ ಲಾರಿ ಕಂಡಿರೇನು?

ಒಂದು ಹೋಟೆಲಿನ ಒಡತಿ ಕುಲ್ಸುಮ್ ಬೀ ಕಂಡಿದ್ದರು. "ಹಾಂ, ನೋಡೀನಲ್ಲ! ಚಹಾಕ್ಕ ಬಂದ ಅಂತ ಸ್ಟೋ ಏರಿಸಿದೆ. ಬಂದ್ ಮಾಡಿದ, ಚಾಲು ಮಾಡಿದ, ಹೋದ. ಲೋಡ್ ಗಾಡಿ ಯಾರರ ಸುಮ್ಮಸುಮ್ಮನ ಬಂದ್ ಮಾಡ್ತಾರೇನವ್ವ? ಚಹಾ ಕುಡಿಯೂಮುಂದೂ ಚಾಲೂನೇ ಇಡ್ತಾರ. ಒಮ್ಮೆ ಆರಿದ್ರ ಮತ್ತ ಹೊಡಿಸೂದು ಎಷ್ಟು ತ್ರಾಸ!"

ಅನುರಾಧಾ ಫೋಟೋ ತೋರಿಸಿದರು. "ಒಳಗ ಇವನೇ ಇದ್ದನೇ? ಬ್ಯಾರೆ ಯಾರರ?"

"ಇವನೇ. ಒಬ್ಬನೇ ಇದ್ದ."

ಹೊಡೆದು ಒಗೆದವರು ಯಾರೂ ಇಲ್ಲ ಅಂತಾಯಿತು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಠಾಣೆಯ ಕಟ್ಟೆಯ ಮೇಲೆ ಕೂತವಳಿಗೆ ಏನಂತ ಹೇಳುವುದು? ನಿನ್ನ ಗಂಡ ಬದುಕಿದ್ದಾನೆ, ಕಳ್ಳನಾಗಿದ್ದಾನೆ ಅಂತಲೇ?

"ಹಿಂಗ ಹಾದಿಯುದ್ದಕ್ಕ ಸೆಲ್ಫ್ ಹೊಡದ್ರ ಬ್ಯಾಟರಿ ಎಲ್ಲೀತನ ತಾಳ್ತದ?" ಜೀಪಿನಲ್ಲಿ ಅನುರಾಧಾ ಕೇಳಿದರು.

"ಹಳೀ ಬ್ಯಾಟರಿ ಅವ್ರಿ ಮೇಡಂ. ಹುಮನಾಬಾದ್ ದಾಟಿ ಭಾಳ ದೂರ ಹೋಗಂಗಿಲ್ಲ" ಅಂದ ಶಂಕರಲಿಂಗ.

ಹಾಗಾದರೆ ಲಾರಿ ಎಲ್ಲೋ ಕೆಟ್ಟು ನಿಂತಿರಲೇಬೇಕು, ಬ್ಯಾಟರಿ ಕೇಳಿಕೊಂಡು ಯಾರಾದರೂ ಬಂದಿರಲೇಬೇಕು. ಹುಮನಾಬಾದಿನ ಬ್ಯಾಟರಿ ಅಂಗಡಿಗಳನ್ನೆಲ್ಲ ಸುತ್ತಿದರು. ಯಾರೂ ಬಂದಿರಲಿಲ್ಲ. ಅನುರಾಧಾ ಅವರಿಗೆ ಈಗ ನಿಜವಾಗಿ ಹೆದರಿಕೆಯಾಯಿತು. ಕದ್ದ ಲಾರಿ ಕೈಕೊಟ್ಟರೆ ಮನುಷ್ಯ ಒಂದೋ ಓಡಿಹೋಗುತ್ತಾನೆ, ಇಲ್ಲವೇ ಏನಾದರೂ ಮಾಡಿಕೊಳ್ಳುತ್ತಾನೆ. "ಎರಡು ಚಾರ್ಜ್ ಆದ ಬ್ಯಾಟರಿ ಜೀಪಿನ್ಯಾಗ ಹಾಕ್ರಿ" ಅಂದರು. "ಇನ್ನ ಜಲ್ದಿ ನಡೀರಿ."

ಮನ್ನಾಏಖೇಳ್ಳಿ ಕಡೆಯ ರಸ್ತೆಯಲ್ಲಿ ಪಂಕ್ಚರ್ ಅಂಗಡಿಯವನೊಬ್ಬ ಸಿಕ್ಕ. "ಬೆಳಿಗ್ಗಿ ಒಂದು ಗಾಡಿ ಸೆಲ್ಫ್ ಹೊಡಿಯೂಮುಂದ ಹೆರಿಗಿ ಬ್ಯಾನಿ ಬಂದಂಗ ನರಳಾಕತ್ತಿತ್ರಿ. ಕಡೀಕ ಚಾಲೂ ಆತು. ಅಲ್ಲಿಂದ ಕೊಡಂಬಲ ಹಾದಿಗೆ ಇಳೀತು."

ಕೊಡಂಬಲ! ಕಮಳಾಬಾಯಿ ಬೆಳಿಗ್ಗೆಯೇ ಆ ಹೆಸರು ಹೇಳಿದ್ದಳು. ಅಲ್ಲಿ ಬಂದಿಲ್ಲ ಎಂದಾಗ ಅನುರಾಧಾ ಅದನ್ನು ಅಲ್ಲಿಗೇ ಬಿಟ್ಟಿದ್ದರು. ಬಂದಿಲ್ಲ ಅಂದರೆ ಹೊರಟಿಲ್ಲ ಅಂತಲ್ಲವಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ಲಾರಿ ಸಿಕ್ಕಿತು. ಊರಿನ ಮನೆಗಳು ಕಾಣುವಷ್ಟು ಹತ್ತಿರ, ರಸ್ತೆಯ ಅಂಚಿಗೆ ನಿಂತಿತ್ತು. ತಾಡಪತ್ರಿಯ ಹಗ್ಗ ಬಿಚ್ಚಿರಲಿಲ್ಲ. ಮುಂದಿನ ಗಾಲಿಯ ನೆರಳಿನಲ್ಲಿ ಮಚ್ಚೇಂದ್ರ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ, ಓಡಲಿಲ್ಲ. ಅನುರಾಧಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು; ಗಾಯವಿರಲಿಲ್ಲ. ಬೆನ್ನಿಗೇ ಸಿಟ್ಟು ಬಂತು.

"ಫೋನ್ ಯಾಕ ಬಂದ್ ಮಾಡಿದಿ? ನಿನ್ನ ಹೇಣ್ತಿ ಠಾಣೆದಾಗ ಅತ್ತು ಅತ್ತು ಸಾಯಾಕತ್ತಾಳ!"

"ತಪ್ಪಾಯ್ತ್ರಿ."

"ಯಾರಿಗೆ ಮಾರಾಕ ತಂದಿ?"

"ಮಾರಾಕಲ್ರಿ. ಅಪ್ಪನ ಸಲುವಾಗಿ." ಅವನು ಊರ ಕಡೆ ಕೈ ತೋರಿಸಿದ. "ಜಿಂದಗಿಪೂರ್ತಿ ಹಮಾಲಿ ಮಾಡ್ಯಾನ್ರಿ. ಬೆನ್ನಮ್ಯಾಲ ಚೀಲ ಹೊತ್ತು ಎಷ್ಟ್ ಲಾರಿ ತುಂಬ್ಯಾನೋ, ಒಂದರಾಗೂ ಯಾರೂ ಕ್ಯಾಬಿನ್ನಿಗೆ ಹತ್ತಿಸಿಕೊಂಡಿಲ್ಲ. ದವಾಖಾನ್ಯಾಗ ಇನ್ನ ಮನಿಗಿ ಒಯ್ರಿ ಅಂದ್ರು. ಅವ ನಿನ್ನಿ ಫೋನ್ಯಾಗ ಒಂದೇ ಮಾತು ಕೇಳ್ದ. ನೀ ಹೊಡಿಯೂ ಗಾಡ್ಯಾಗ ನನ್ನ ಒಮ್ಮೆ ಕುಂಡ್ರಸ್ತೀಯೇನು ಅಂತ."

"ಮಾಲೀಕರನ್ನ ಕೇಳಬೇಕಿಲ್ಲ?"

"ಕೇಳಿದ್ನ್ರಿ. ಲೋಡ್ ಗಾಡಿ ಹೆದ್ದಾರಿ ಬಿಟ್ಟು ಇಳೀಬಾರದು ಅಂದ್ರು. ಅವರದೂ ತಪ್ಪಿಲ್ರಿ. ಖಾಲಿ ಮಾಡಿ ಬರೂತನ ಅಪ್ಪ ಇರಂಗಿಲ್ಲ."

"ಮತ್ತ ಇಲ್ಲೇ ಯಾಕ ಕುಂತಿ? ನಡಕೋತ ಹೋಗಿ ಅಪ್ಪನ ಮುಖ ಆದ್ರೂ ನೋಡಬೇಕಿತ್ತು."

ಮಚ್ಚೇಂದ್ರ ಅವರನ್ನೇ ವಿಚಿತ್ರವಾಗಿ ನೋಡಿದ. "ಲೋಡ್ ಗಾಡಿ ಬಿಟ್ಟು ಹ್ಯಾಂಗ ಹೋಗ್ಲಿ ಮೇಡಮ್ಮಾರ? ಬ್ಯಾಟರಿಗೆ ಆರಾಮ ಕೊಟ್ರ ಇನ್ನೊಮ್ಮೆ ಹೊಡೀತದ ಅಂತ ಕುಂತೀನಿ."

ಖಮರುದ್ದೀನ್ ಮುಖ ಆ ಕಡೆ ತಿರುಗಿಸಿಕೊಂಡರು. ಅನುರಾಧಾ ಜಪ್ತಿ ಪಂಚನಾಮೆ ಬರೆಸಿದರು. ಮಾಲು ಪೂರ್ತಿ ಇತ್ತು. ಎರಡೂ ಮುಕ್ಕಾಲಿಗೆ ಆರೋಪಿಯ ದಸ್ತಗಿರಿಯಾಯಿತು. ಕಮಳಾಬಾಯಿಗೆ ತಾವೇ ಫೋನು ಹಚ್ಚಿ, "ಜೀವಂತ ಅದಾನಮ್ಮ" ಅಂದರು. ಉಳಿದದ್ದು ಆಮೇಲೆ.

ಶಂಕರಲಿಂಗ ಬ್ಯಾಟರಿ ಜೋಡಿಸಿದ. "ಗಾಡಿ ಠಾಣೆಗೆ ಒಯ್ಯಬೇಕು. ಇಲ್ಲಿ ತಿರುಗಿಸಾಕ ಜಾಗ ಅದೇನು?" ಅನುರಾಧಾ ಕೇಳಿದರು.

"ಇಲ್ರಿ. ಊರ ಮುಂದಿನ ಬಯಲಿಗೇ ಹೋಗಬೇಕು."

"ಹಂಗಾದ್ರ ಅಲ್ಲೀಗೇ ನಡಿ ಮಚ್ಚೇಂದ್ರ. ನೀನೇ ಹೊಡಿ. ನಾ ಕ್ಯಾಬಿನ್ನಿನ್ಯಾಗೇ ಕುಂಡರ್ತೀನಿ."

ಬಯಲಿನಲ್ಲಿ ಲಾರಿ ಬಂದ್ ಮಾಡದೇ ನಿಲ್ಲಿಸಿ, ಸುಮನಬಾಯಿಯ ಮನೆಯಿಂದ ಮುದುಕ ಅಪ್ಪನನ್ನು ಹೊರಸಿನ ಸಮೇತ ಹೊತ್ತು ತಂದರು. ಹತ್ತಿಸುವಾಗ ಖಮರುದ್ದೀನ್ ಹೆಗಲು ಕೊಟ್ಟರು. ಮುದುಕ ಸೀಟನ್ನು ಸವರಿದ, ಗಾಜನ್ನು ಮುಟ್ಟಿದ, ಮಗನ ಕೈ ಸ್ಟೇರಿಂಗಿನ ಮೇಲೆ ಇರುವುದನ್ನು ನೋಡಿದ. ಲಾರಿ ಬಯಲಿನಲ್ಲಿ ನಿಧಾನವಾಗಿ ಸುತ್ತು ಹಾಕಿತು.

"ಎಡಕ್ಕ ವಾಲ್ಯದ" ಅಂದ ಮುದುಕ. ದನಿ ಉಸಿರಿನಷ್ಟೇ ಇತ್ತು. "ಚೀಲ ಯಾರ್ ಹೇರ್‍ಯಾರಲೇ? ನಾ ಇದ್ದಿದ್ರ ಹಿಂಗ ಹೇರ್ತಿದ್ದಿಲ್ಲ."

"ಹೌದಪ್ಪ" ಅಂದ ಮಚ್ಚೇಂದ್ರ.

ಆಗ ಡ್ಯಾಶ್‌ಬೋರ್ಡಿನ ಕೆಳಗೆ ಜಿಪಿಎಸ್ ಡಬ್ಬಿಯ ಪುಟ್ಟ ಹಸಿರು ದೀಪ ಹೊತ್ತಿತು. ಹತ್ತು ನಿಮಿಷ ಆಗಿತ್ತು. ನಸುಕಿನಿಂದ ಆ ದೀಪ ಹೊತ್ತಿಕೊಳ್ಳದಂತೆ ಕಾಯ್ದವನು ಅದನ್ನು ನೋಡಿದ. ಅವನ ಕೈ ಚಾವಿಯ ಕಡೆ ಹೋಗಲಿಲ್ಲ.

ಅನುರಾಧಾ ಅವರ ಫೋನು ಬಡಿದುಕೊಂಡಿತು. "ಮೇಡಂ, ಚುಕ್ಕಿ ಬಂತ್ರಿ!" ಮಹಾರುದ್ರಪ್ಪ ಕೂಗುತ್ತಿದ್ದರು. "ಕೊಡಂಬಲದಾಗ ಸುತ್ತಾಕತ್ತದ! ಏನ್ ನಡದದ ಅಲ್ಲಿ?"

"ಗಾಡಿ ತಿರುಗಿಸಾಕತ್ತೀವಿ" ಅಂದರು ಅನುರಾಧಾ. ಮುದುಕನ ಮುಖ ನೋಡಿ, "ಇನ್ನೊಂದು ಸುತ್ತು ಬೇಕಾಗ್ತದ್ರಿ" ಎಂದು ಸೇರಿಸಿದರು.