ನಾನೂರ ಹದಿನೇಳನೆಯ ಮರ

ಬೇಸಿಗೆ ಮುಗಿಯುತ್ತ ಬಂದಿತ್ತು. ಕಾಡಿನೊಳಗಿನ ಸಂಶೋಧನಾ ಕೇಂದ್ರದಲ್ಲಿ ಮರಗಳ ಸುತ್ತಳತೆ ತೆಗೆಯುವ ವರ್ಷದ ಕೆಲಸ ಅರ್ಧಕ್ಕೆ ಬಂದಿತ್ತು. ಹದಿನಾಲ್ಕನೇ ತಾರೀಖು ಬೆಳಿಗ್ಗೆ ೯.೪೦ಕ್ಕೆ ಕೇಂದ್ರದ ಮುಖ್ಯಸ್ಥೆ ಠಾಣೆಗೆ ಬಂದು ದೂರು ಕೊಟ್ಟರು: ೪೧೭ನೇ ಮರ ಹೋದ ವರ್ಷಕ್ಕಿಂತ ಹನ್ನೊಂದು ಸೆಂಟಿಮೀಟರ್ ಸಣ್ಣದಾಗಿದೆ.

ದಫೇದಾರ ಬರೆಯುವುದನ್ನು ನಿಲ್ಲಿಸಿ, ಮರಾನೂ ಡಯಟ್ ಮಾಡ್ತಾ ಮೇಡಂ ಎಂದ. ಯಾರೋ ಆ ಮರ ಕಡಿದು, ಅದರ ನಂಬರಿನ ಬಿಲ್ಲೆಯನ್ನು ಬೇರೆ ಮರಕ್ಕೆ ಹೊಡೆದಿರಬೇಕೆಂದು ಆಕೆ ಹೇಳಿದರು. ಕಾಡಿನ ನಡುವೆ ರಸ್ತೆ ಬೇಡವೆಂಬ ಕೇಸಿಗೆ ಕೇಂದ್ರದ ಮೂವತ್ತು ವರ್ಷದ ಅಳತೆ ಪುಸ್ತಕಗಳೇ ಸಾಕ್ಷಿ. ವಿಚಾರಣೆ ಮುಂದಿನ ತಿಂಗಳು.

"ಒಂದು ನಂಬರ್ ಸುಳ್ಳು ಅಂತಾದ್ರೆ ಎಲ್ಲಾನೂ ತಳ್ಳಿಹಾಕ್ತಾರೆ ಸರ್. ಕಾಡು ಹೋಗುತ್ತೆ."

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರು ೧೨.೧೫ಕ್ಕೆ ಸ್ಥಳ ಮುಟ್ಟಿದರು. ನಡುಹಗಲಲ್ಲೂ ಮಬ್ಬು, ಒಂದು ಹಕ್ಕಿಯ ದನಿಯಿಲ್ಲ. ತರಗೆಲೆ ಸರಿಸಿದಾಗ ಕಡಿದ ಬುಡ ಸಿಕ್ಕಿತು. ಕೆಳಗಿನ ಹಳ್ಳದಲ್ಲಿ ಮರ ಇಡಿಯಾಗಿ ಬಿದ್ದಿತ್ತು. ಒಂದು ತುಂಡೂ ಸಾಗಿಸಿರಲಿಲ್ಲ. ಕಾಂಡದ ಉದ್ದಕ್ಕೂ ಕೊಡಲಿಯ ಏಟುಗಳು, ಉರುಳಿದ ಮೇಲೆ ಹಾಕಿದವು. ಕಳ್ಳನಿಗೆ ಇಷ್ಟು ಸಿಟ್ಟು ಇರುವುದಿಲ್ಲ ಎಂದುಕೊಂಡರು ಇನ್‌ಸ್ಪೆಕ್ಟರು.

ಪಂಚನಾಮೆಯ ಹೊತ್ತಿಗೆ, ಬೇರೆ ಮರಕ್ಕೆ ಹೊಡೆದಿದ್ದ ಬಿಲ್ಲೆಯ ಮೊಳೆ ಎರಡು ಬೆರಳಷ್ಟು ಹೊರಗೇ ನಿಂತಿರುವುದು ಕಂಡಿತು. ಪೂರ್ತಿ ಹೊಡೆದರೆ ಮರ ದಪ್ಪವಾಗುತ್ತ ಬಿಲ್ಲೆಯನ್ನೇ ನುಂಗಿಬಿಡುತ್ತದೆ, ಅದಕ್ಕೇ ತಾವು ಹೀಗೆ ಬಿಡುವುದು ಎಂದರು ಮುಖ್ಯಸ್ಥೆ.

"ಬಿಲ್ಲೆ ಹೊಡೆಯೋರು ಯಾರ್‍ಯಾರು?"

"ನಾನು. ಇಲ್ಲಾಂದ್ರೆ ಟೇಪಣ್ಣ."

ಇಪ್ಪತ್ತು ವರ್ಷದಿಂದ ಅಳತೆ ತೆಗೆಯುತ್ತಿದ್ದ ಟೇಪಣ್ಣ ಈ ಸಲ ಜ್ವರವೆಂದು ಮಲಗಿದ್ದ. ಟೇಪು ಮುಖ್ಯಸ್ಥೆಯ ಕೈಗೆ ಬಂದದ್ದು ಹಾಗೆ. ನಾಲ್ಕು ಗಂಟೆಗೆ ಅವನ ಕೋಣೆಯಲ್ಲಿ ವಿಚಾರಣೆ ನಡೆಯಿತು. ಅವನು ಏನನ್ನೂ ಅಲ್ಲಗಳೆಯಲಿಲ್ಲ.

"ಮೊಳೆ ಪೂರ್ತಿ ಹೊಡೆದಿದ್ರೆ ನಿನ್ನ ಮೇಲೆ ಅನುಮಾನವೇ ಬರ್ತಿರಲಿಲ್ಲ."

"ಬಿಲ್ಲೆ ಹೊಡೆದ ಮರ ಏನ್ ತಪ್ಪು ಮಾಡಿತ್ತು ಸಾರ್? ಅದು ಬೆಳೀಬೇಕಲ್ಲ."

ಮೂರು ವರ್ಷದ ಹಿಂದೆ ಅವನ ತಮ್ಮ ಕೇಂದ್ರಕ್ಕೆ ಬೀಜ ಕೀಳಲು ೪೧೭ನ್ನು ಹತ್ತಿದ್ದ. ಕೊಂಬೆ ಮುರಿಯಿತು. ಬಿದ್ದದ್ದು ಕಾಡಿನಲ್ಲಿ, ಪ್ರಾಣ ಹೋದದ್ದು ಮನೆಯಲ್ಲಿ. ಹಾಗಾಗಿ ಕೇಸೂ ಆಗಲಿಲ್ಲ, ಯಾರೂ ಕೇಳಲಿಲ್ಲ.

"ವರ್ಷಾವರ್ಷ ಅದನ್ನ ತಬ್ಕೊಂಡು ಟೇಪು ಸುತ್ತಬೇಕಿತ್ತು ಸಾರ್. ದಪ್ಪ ಆಗಿದೆ ಅಂತ ನನ್ ಕೈಯಲ್ಲೇ ಬರೀಬೇಕಿತ್ತು."

೪.೫೦ಕ್ಕೆ ಅವನನ್ನು ಬಂಧಿಸಿ ಜೀಪಿನಲ್ಲಿ ಕೂರಿಸಿದರು.

ಇನ್‌ಸ್ಪೆಕ್ಟರು ಟೇಪಣ್ಣನ ತಮ್ಮ ಬಿದ್ದ ವರ್ಷದ ಪುಸ್ತಕ ತರಿಸಿ ನೋಡಿದರು. ಆ ದಿನದ ಪುಟದಲ್ಲಿ ಇದ್ದದ್ದು ಇಷ್ಟೇ: ಬೀಜ, ಮೂರು ಕಿಲೋ, ಆಕಾಶ ನಿರ್ಮಲ. ಅವರು ಬಿಳಿ ಹಾಳೆಯೊಂದನ್ನು ಮುಖ್ಯಸ್ಥೆಯ ಮುಂದಿಟ್ಟರು.

"ಈ ದೂರನ್ನೂ ನೀವೇ ಬರೀಬೇಕು ಮೇಡಂ. ಸತ್ತವನ ಹೆಸರು ಮೊದಲು."

ಆಕೆ ಪೆನ್ನು ಹಿಡಿದರು. ಆಮೇಲೆ ಎದ್ದು ಜೀಪಿನ ಬಳಿ ಹೋಗಿ, ಹೆಸರನ್ನು ಟೇಪಣ್ಣನನ್ನೇ ಕೇಳಬೇಕಾಯಿತು.